ಆನೆ ಓಡುತ್ತದೆಯೇ, ಬಿರುಸಾಗಿ ನಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಸಕಲೇಶಪುರ ಕಡೆಯ ಕಾಫಿ ತೋಟ. ಆನೆ ಓಡಿಸಿಕೊಂಡು ಬಂತು ಎಂಬ ಸುದ್ದಿ ಇಲ್ಲಿ ಮಾಮೂಲಿ. ಆದರೆ ಮಗಳು ಓದುತ್ತಿರುವ ಪುಸ್ತಕದಲ್ಲಿ ‘ಆನೆಗೆ ಓಡಲು ಬರುವುದಿಲ್ಲ, ಅದು ನಡೆಯುತ್ತದೆ ಅಷ್ಟೇ’ ಎಂದಿದೆ. ಓಡಲು ಬಾರದ ಪ್ರಾಣಿ ಓಡುವ ಮನುಷ್ಯನನ್ನು ಹಿಡಿಯುವುದು ಹೇಗೆ? ಕುದುರೆ, ಕೋಣಗಳ ಹಾಗೆ ಅದು ಯಾಕೆ ನೆಗೆದು ಓಡುವುದಿಲ್ಲ? ಇಳಿಜಾರಿನಲ್ಲಿ ಓಡಿದರೆ ಆನೆ ಹಿಂದೆ ಬರಲಾರದು ಎನ್ನುತ್ತಾರೆ, ನಿಜವೇ?
(ಓದುಗರೊಬ್ಬರು, ಹಾಸನ ಜಿಲ್ಲೆ)

ಉತ್ತರ: ಪುಸ್ತಕದಲ್ಲಿರುವುದು ಹಳೆಯ ಮಾತು. ಅದನ್ನು ಬಿಡಿಸಿ ಬರೆದಿಟ್ಟವರಲ್ಲಿ ಒಬ್ಬ ನಿಮ್ಮ ಸೀಮೆಗೆ ತೀರ ದೂರದವನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಉಸ್ತುವಾರಿ ನೋಡಿಕೊಂಡಿದ್ದು, ಮುಂದೆ ಸರ್ಕಾರದ ಆನೆ ಹಿಡಿಯುವ ಕೆಲಸವನ್ನೇ ವಹಿಸಿಕೊಂಡ ಜಿ. ಪಿ. ಸ್ಯಾಂಡರ್ಸನ್ ತನ್ನ ಹದಿಮೂರು ವರ್ಷಗಳ ಕಾಡಿನ ಅನುಭವವನ್ನು 1878ರಲ್ಲಿ ಪುಸ್ತಕವಾಗಿ ತಂದ. ಚಾಮರಾಜನಗರದ ಕಡೆ ಖೆಡ್ಡಾ ಕಟ್ಟಿಸಿ ಹಿಂಡುಗಟ್ಟಲೆ ಆನೆ ಹಿಡಿದವನು ಇವನೇ. ಇವನ ಪ್ರಕಾರ ಆನೆಗೆ ಇರುವುದು ಒಂದೇ ನಡೆ. ಅದನ್ನೇ ಚುರುಕು ಮಾಡಿಕೊಂಡು ಸ್ವಲ್ಪ ದೂರದ ಮಟ್ಟಿಗೆ ಗಂಟೆಗೆ 15 ಮೈಲಿ ವೇಗ ಮುಟ್ಟಬಲ್ಲದು. ಕುದುರೆಯ ಟ್ರಾಟ್, ಕ್ಯಾಂಟರ್, ಗ್ಯಾಲಪ್ ಯಾವುದೂ ಅದಕ್ಕೆ ಬಾರದು. 15 ಮೈಲಿ ಎಂದರೆ 24 ಕಿಲೋಮೀಟರ್. ವೇಗ ಅಳೆಯುವ ಯಾವ ಸಲಕರಣೆಯೂ ಇಲ್ಲದೆ, ಕಣ್ಣಳತೆಯಲ್ಲೇ ಕಂಡುಕೊಂಡ ಅಂಕಿ ಇದು. ಎಷ್ಟು ಸರಿಯಾಗಿತ್ತು ಎಂಬುದು ತಿಳಿದದ್ದು 125 ವರ್ಷ ಕಳೆದ ಮೇಲೆ.

‘ಓಟ’ ಎಂದರೆ ಏನು ಎಂಬ ಜಗಳ ಶುರುವಾದದ್ದೂ ಅದೇ 1878ರ ಸುಮಾರಿಗೆ, ಆದರೆ ಕುದುರೆಯ ವಿಷಯದಲ್ಲಿ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಸಿರಿವಂತನ ಕುದುರೆ ಲಾಯವಿತ್ತು. ಅಲ್ಲಿ ಎಡ್ವೇರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು, ನಾಗಾಲೋಟದಲ್ಲಿ ಸಾಗುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದ. ಒಂದು ಗಳಿಗೆಯಲ್ಲಿ ನಾಲ್ಕೂ ಗೊರಸು ನೆಲ ಬಿಟ್ಟಿರುವುದು ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಂಡಿತು. ಅಲ್ಲಿಯವರೆಗಿನ ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದ ಕುದುರೆಯನ್ನು ಗಾಳಿಯಲ್ಲಿ ತೇಲಿಸುತ್ತಿದ್ದರು. ನಿಜವಾದ ಕುದುರೆ ಗಾಳಿಯಲ್ಲಿರುವುದು ನಾಲ್ಕೂ ಕಾಲನ್ನು ಹೊಟ್ಟೆಯಡಿ ಮಡಿಚಿಕೊಂಡಾಗ. ಇಂಥ ಪುರಾವೆ ಕೈಗೆ ಸಿಕ್ಕ ಮೇಲೆ ಪಾದವೆಲ್ಲ ನೆಲ ಬಿಡುವ ಗಳಿಗೆ ಇದ್ದರೆ ಓಟ, ಇಲ್ಲದಿದ್ದರೆ ನಡಿಗೆ ಎಂಬ ವ್ಯಾಖ್ಯೆ ಗಟ್ಟಿಯಾಯಿತು. ಒಲಿಂಪಿಕ್ಸ್‌ನ ವೇಗದ ನಡಿಗೆ ಸ್ಪರ್ಧೆಯಲ್ಲಿ ಇವತ್ತಿಗೂ ತೀರ್ಪುಗಾರರು ನೋಡುವುದು ಇದನ್ನೇ. ಒಂದು ಪಾದವಾದರೂ ಸದಾ ನೆಲದಲ್ಲಿ ಕಾಣಬೇಕು. ಈ ನಿಯಮದ ಅಡಿಯಲ್ಲಿ ಆನೆಯನ್ನು ಯಾರೂ ಅನರ್ಹಗೊಳಿಸಲಾರರು. ನಿಮ್ಮ ಮಗಳ ಪುಸ್ತಕ ನಿಂತಿರುವುದೂ ಈ ವ್ಯಾಖ್ಯೆಯ ಮೇಲೆ.

ಮನುಷ್ಯರನ್ನೂ ಕುದುರೆಯನ್ನೂ ನೋಡಿ ಕಟ್ಟಿದ ವ್ಯಾಖ್ಯೆ ಅದು. ಪ್ರಾಣಿಗಳ ಚಲನೆಯನ್ನು ಅಳೆಯುವವರು ಈಗ ಪಾದಕ್ಕಿಂತ ಹೆಚ್ಚಾಗಿ ದೇಹದ ಗುರುತ್ವ ಕೇಂದ್ರವನ್ನು ಗಮನಿಸುತ್ತಾರೆ. ನಡೆಯುವಾಗ ನೆಲಕ್ಕೂರಿದ ಕಾಲು ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಮೈ ಅದರ ಮೇಲೆ ಕಮಾನಾಗಿ ಸಾಗುತ್ತದೆ. ಹೆಜ್ಜೆಯ ನಡುಮಧ್ಯದಲ್ಲಿ ಮೈ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ, ವೇಗ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿಂದ ಇಳಿಯುವಾಗ ಎತ್ತರ ಕರಗಿ ವೇಗವಾಗುತ್ತದೆ, ಮುಂದಿನ ಹೆಜ್ಜೆಗೆ ಆ ವೇಗವೇ ಮತ್ತೆ ಎತ್ತರವಾಗುತ್ತದೆ. ಇದು ತಲೆಕೆಳಗಾದ ಲೋಲಕದ ಆಟ. ಮನುಷ್ಯ ಹದವಾದ ವೇಗದಲ್ಲಿ ನಡೆದರೆ ಈ ಕೊಡುಕೊಳ್ಳುವಿಕೆಯಿಂದ ಶಕ್ತಿಯ ಸುಮಾರು ಮೂರನೇ ಎರಡು ಪಾಲಿನವರೆಗೆ ಉಳಿಯುತ್ತದೆ. ಓಟದಲ್ಲಿ ಎಲ್ಲ ತಿರುವುಮುರುವು. ಹೆಜ್ಜೆಯ ನಡುವೆ ಕಾಲು ಮಡಿಯುತ್ತದೆ, ಮೈ ತಗ್ಗುತ್ತದೆ, ಅದೇ ಹೊತ್ತಿಗೆ ವೇಗವೂ ತಗ್ಗುತ್ತದೆ. ಎತ್ತರ, ವೇಗ ಎರಡೂ ಒಟ್ಟಿಗೇ ಇಳಿದರೆ ಒಂದು ಇನ್ನೊಂದನ್ನು ಪೋಷಿಸುವ ಮಾತೇ ಇಲ್ಲ. ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದು ಸ್ನಾಯುರಜ್ಜುಗಳು. ನಮ್ಮ ಹಿಮ್ಮಡಿಯ ಮೇಲೆ ಕೈಗೆ ಸಿಗುವ ದಪ್ಪ ರಜ್ಜು, ಕುದುರೆಯ ಕಾಲಿನ ಕೆಳಭಾಗದ ಉದ್ದನೆಯ ರಜ್ಜುಗಳು ಹಿಗ್ಗಿ ಕುಗ್ಗಿ ಸ್ಪ್ರಿಂಗಿನ ಕೆಲಸ ಮಾಡುತ್ತವೆ.

ಹೀಗೆ ನೋಡಿದರೆ ಓಡಲು ನೆಲ ಬಿಡಲೇಬೇಕೆಂದಿಲ್ಲ. ಮೊಣಕಾಲು ಚೆನ್ನಾಗಿ ಮಡಿಸಿ, ಮೈ ತಗ್ಗಿಸಿ, ಪುಟ್ಟ ಹೆಜ್ಜೆಯಲ್ಲಿ ಅಂಗಳದಲ್ಲಿ ಒಮ್ಮೆ ಓಡಿ ನೋಡಿ. ಕಾಲು ಸ್ಪ್ರಿಂಗಿನಂತೆಯೇ ದುಡಿಯುತ್ತದೆ, ಪಾದ ಮಾತ್ರ ನೆಲ ಬಿಡುವುದಿಲ್ಲ. ಲಾವುಗೆ ಹಕ್ಕಿ, ಆಸ್ಟ್ರಿಚ್‌ಗಳು ಮಧ್ಯಮ ವೇಗದಲ್ಲಿ ಓಡುವುದೇ ಹೀಗೆ.

ನಡಿಗೆ ಬಿಟ್ಟು ಓಟಕ್ಕೆ ಯಾವಾಗ ಬದಲಾಗಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಅದರ ಮೂಲ ಹಡಗು ಕಟ್ಟುವವರಲ್ಲಿ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ ಸಣ್ಣ ಮಾದರಿ ದೋಣಿಗಳನ್ನು ಎಳೆದು ದೊಡ್ಡ ಹಡಗಿನ ಗುಣ ಅಂದಾಜು ಮಾಡುತ್ತಿದ್ದ. ಆತನ ಹೆಸರಿನ ಸಂಖ್ಯೆಯನ್ನು ಆರ್. ಮೆಕ್‌ನೀಲ್ ಅಲೆಕ್ಸಾಂಡರ್ ಎಂಬ ಪ್ರಾಣಿಶಾಸ್ತ್ರಜ್ಞ 1970ರ ದಶಕದಲ್ಲಿ ಪ್ರಾಣಿಗಳ ಕಾಲಿಗೆ ಅನ್ವಯಿಸಿದರು. ವೇಗದ ವರ್ಗವನ್ನು ಕಾಲಿನ ಉದ್ದ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಬೇಕು, ಅಷ್ಟೇ. ಉತ್ತರ 0.5ರ ಆಸುಪಾಸಿಗೆ ಬಂದಾಗ ಹೆಚ್ಚಿನ ಪ್ರಾಣಿಗಳು ನಡಿಗೆ ಬಿಡುತ್ತವೆ. 2-3ರ ನಡುವೆ ನಾಲ್ಕು ಕಾಲಿನವು ನಾಗಾಲೋಟಕ್ಕೆ ತಿರುಗುತ್ತವೆ. ಸಂತೆಗೆ ಅಪ್ಪನ ಕೈ ಹಿಡಿದು ಹೊರಟ ಮಗು ನಡುನಡುವೆ ಓಡುವುದು ಹಟಕ್ಕಲ್ಲ. ಅರ್ಧ ಮೀಟರಿನ ಕಾಲಿಗೆ ಗಂಟೆಗೆ ಐದೂವರೆ ಕಿಲೋಮೀಟರ್‌ಗೇ ಓಟದ ಗಡಿ ಬಂದುಬಿಡುತ್ತದೆ, ಅಪ್ಪನಿಗೆ ಅದು ಬರುವುದು ಏಳೂವರೆಯ ಹತ್ತಿರ. ಒಂದೂವರೆ ಮೀಟರ್ ಕಾಲಿನ ಆನೆಗೆ ಇದೇ ಗಡಿ ಗಂಟೆಗೆ ಸುಮಾರು 10 ಕಿಲೋಮೀಟರ್.

ಇಷ್ಟು ತಯಾರಿಯೊಂದಿಗೆ ಜಾನ್ ಹಚಿನ್‌ಸನ್ ಮತ್ತು ಸಂಗಡಿಗರು ಥಾಯ್ಲೆಂಡಿಗೆ ಹೋದರು. ಹಚಿನ್‌ಸನ್ ಅದಕ್ಕೆ ಮೊದಲು ಟೈರನೊಸಾರಸ್ ಎಷ್ಟು ವೇಗವಾಗಿ ಓಡುತ್ತಿತ್ತು ಎಂಬ ಲೆಕ್ಕದಲ್ಲಿ ತೊಡಗಿದ್ದವರು. ಸತ್ತುಹೋದ ದೈತ್ಯನನ್ನು ಅರಿಯಲು ಬದುಕಿರುವ ದೈತ್ಯನೇ ಬೇಕಲ್ಲ. 42 ಸಾಕಾನೆಗಳ ಕಾಲಿನ ಕೀಲುಗಳ ಮೇಲೆ ಬಿಳಿ ಬಣ್ಣದ ಬೊಟ್ಟಿಟ್ಟು, ಮಾವುತರಿಂದ ಅವನ್ನು ಓಡಿಸಿ ವಿಡಿಯೊ ಮಾಡಿದರು. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 6.8 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ಸ್ಯಾಂಡರ್ಸನ್‌ನ ಕಣ್ಣಳತೆ ಒಂದೇ ಒಂದು ಕಿಲೋಮೀಟರಿನಷ್ಟು ತಪ್ಪಿತ್ತು.

ಆ ವೇಗದಲ್ಲಿ ಫ್ರೌಡ್ ಸಂಖ್ಯೆ 3 ದಾಟಿತ್ತು. ಬೇರೆ ಯಾವ ಪ್ರಾಣಿಯಾಗಿದ್ದರೂ ಅಷ್ಟು ಹೊತ್ತಿಗೆ ನಾಗಾಲೋಟದಲ್ಲಿರಬೇಕಿತ್ತು. ಆನೆ ಮಾತ್ರ ಕಾಲಿಡುವ ಕ್ರಮವನ್ನೂ ಬದಲಿಸಿರಲಿಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಮೇಯಲು ಹೊರಟಾಗ ಇರುವ ಕ್ರಮವೇ ಓಡಿ ಬರುವಾಗಲೂ. ನಾಲ್ಕೂ ಪಾದ ಒಟ್ಟಿಗೆ ನೆಲ ಬಿಟ್ಟದ್ದು ಒಮ್ಮೆಯೂ ಇಲ್ಲ. ಆದರೂ ಒಂದು ವಿಚಿತ್ರ ಕಂಡಿತು. ಪ್ರತಿ ಪಾದವೂ ಹೆಜ್ಜೆಚಕ್ರದ ಅರ್ಧಕ್ಕಿಂತ ಕಡಿಮೆ ಹೊತ್ತು, ಶೇ 40ರ ಆಸುಪಾಸು ಮಾತ್ರ, ನೆಲದಲ್ಲಿತ್ತು. ಹಾಗಿದ್ದ ಮೇಲೆ ಎರಡು ಮುಂಗಾಲುಗಳೂ ಗಾಳಿಯಲ್ಲಿರುವ ಗಳಿಗೆ ಬಂದೇ ಬರುತ್ತದೆ, ಹಿಂಗಾಲುಗಳಿಗೂ ಹಾಗೆಯೇ. ಆದರೆ ಎರಡು ಗಳಿಗೆಗಳೂ ಒಂದೇ ಸಲ ಬರುವುದಿಲ್ಲ. ಇಬ್ಬರು ಪಲ್ಲಕ್ಕಿ ಹೊತ್ತು ಓಡುತ್ತಿದ್ದಾರೆ ಎಂದುಕೊಳ್ಳಿ. ಮುಂದಿನವನು ನೆಗೆದಾಗ ಹಿಂದಿನವನ ಕಾಲು ನೆಲದಲ್ಲಿದೆ, ಹಿಂದಿನವನು ನೆಗೆಯುವಷ್ಟರಲ್ಲಿ ಮುಂದಿನವನು ಕಾಲೂರಿದ್ದಾನೆ. ಇಬ್ಬರೂ ಓಡುತ್ತಿದ್ದಾರೆ, ಪಲ್ಲಕ್ಕಿ ಮಾತ್ರ ನೆಲದ ಆಸರೆ ತಪ್ಪಿಸಿಕೊಂಡಿಲ್ಲ. ನನ್ನನ್ನು ಕೇಳಿದರೆ ಇದನ್ನು ಓಟ ಎಂದೇ ಕರೆಯಬೇಕು. ಮಗಳ ಪುಸ್ತಕದಲ್ಲಿ ಆ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ತಪ್ಪಿಲ್ಲ.

2010ರಲ್ಲಿ ಇನ್ನೊಂದು ತಂಡ ಥಾಯ್ಲೆಂಡಿನಲ್ಲೇ ಬಲ ಅಳೆಯುವ ಹಾಸುಗಳ ಮೇಲೆ 34 ಆನೆಗಳನ್ನು ನಡೆಸಿ, ಪಾದ ನೆಲವನ್ನು ಎಷ್ಟು ಒತ್ತುತ್ತದೆ ಎಂದು ನೋಡಿತು. ನಿಧಾನದಲ್ಲಿ ಲೋಲಕದ ಆಟ ಸರಿಯಾಗಿಯೇ ನಡೆಯುತ್ತದೆ. ವೇಗ ಏರಿದಂತೆ ಅದು ಮಾಯವಾಗಿ ಪುಟಿಯುವ ಗುಣ ಬರುತ್ತದೆ, ಆದರೆ ಪುಟಿತದ ಎತ್ತರ ಬಹಳ ಕಡಿಮೆ. ಮೈಯ ಒಂದು ಕೆ.ಜಿ.ಯನ್ನು ಒಂದು ಮೀಟರ್ ಸಾಗಿಸಲು ಬೇಕಾಗುವ ಯಾಂತ್ರಿಕ ಶ್ರಮ ಬೇರೆ ಪ್ರಾಣಿಗಳದ್ದರ ಸುಮಾರು ಮೂರನೇ ಒಂದು ಪಾಲು. ಸದಾ ಹೆಚ್ಚು ಪಾದ ನೆಲದಲ್ಲಿಟ್ಟು, ಮೈಯನ್ನು ಮೇಲೆ ಕೆಳಗೆ ಕುಣಿಸದೆ ಸಾಗುವುದರ ಲಾಭ ಇದು. ಮೈಸೂರು ದಸರೆಯಲ್ಲಿ 750 ಕೆ.ಜಿ.ಯ ಚಿನ್ನದ ಅಂಬಾರಿ ಹೊತ್ತು ಬನ್ನಿಮಂಟಪದವರೆಗೆ ಆನೆ ಸಾಗುವುದನ್ನು ನೀವು ನೋಡಿರುತ್ತೀರಿ. ಅಂಬಾರಿ ತೂಗುವುದು ಹೆಚ್ಚಾಗಿ ಅಕ್ಕಪಕ್ಕಕ್ಕೆ, ಮೇಲೆ ಕೆಳಗೆ ಅಲ್ಲ. ಟ್ರಾಟ್ ಮಾಡುವ ಕುದುರೆಯ ಬೆನ್ನ ಮೇಲೆ ಕುಳಿತವರಿಗೆ ಇದರ ಬೆಲೆ ಗೊತ್ತು.

ಇನ್ನು ನೆಗೆಯದಿರುವುದೇಕೆ ಎಂಬ ಪ್ರಶ್ನೆ. ಮೊದಲು ಎಲ್ಲರೂ ಹೇಳುವ ಕಾರಣ: ತೂಕ. ಇಡೀ ಹೆಜ್ಜೆಚಕ್ರದ ಸರಾಸರಿ ತೆಗೆದರೆ ನಾಲ್ಕು ಪಾದಗಳು ಸೇರಿ ಮೈತೂಕವನ್ನು ಹೊರಲೇಬೇಕು. ಪಾದ ನೆಲದಲ್ಲಿರುವ ಹೊತ್ತು ಕಡಿಮೆಯಾದಷ್ಟೂ ಆ ಹೊತ್ತಿನಲ್ಲಿ ಅದು ಹೊರುವ ಭಾರ ಹೆಚ್ಚು. ನಾಲ್ಕು ಟನ್ ಆನೆ ನಿಧಾನವಾಗಿ ನಡೆಯುವಾಗ ಪಾದ ಮುಕ್ಕಾಲು ಹೊತ್ತು ನೆಲದಲ್ಲಿದ್ದರೆ, ಊರಿದ ಕಾಲಿನ ಮೇಲೆ ಸರಾಸರಿ 1.3 ಟನ್. ಬಿರುಸಿನಲ್ಲಿ ಶೇ 40ಕ್ಕೆ ಇಳಿದರೆ 2.5 ಟನ್. ನಾಗಾಲೋಟದ ಕುದುರೆಯ ಹಾಗೆ ಐದನೇ ಒಂದು ಪಾಲು ಹೊತ್ತು ಮಾತ್ರ ಊರಿದರೆ ಸರಾಸರಿಯೇ 5 ಟನ್, ಒತ್ತಡ ಏರಿದ ಗಳಿಗೆಯಲ್ಲಿ 8 ಟನ್ ಹತ್ತಿರ, ಅದೂ ಒಂದೇ ಕಾಲಿನ ಮೇಲೆ. ಮುಂಗಾಲು ಹಿಂಗಾಲುಗಳ ಪಾಲು ಸಮ ಎಂದು ಹಿಡಿದ ಸರಳ ಲೆಕ್ಕ ಇದು. ಗೆಲಿಲಿಯೊ 1638ರಲ್ಲೇ ಎಚ್ಚರಿಸಿದಂತೆ ದೇಹದ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಎಲುಬಿನ ಅಡ್ಡಕೊಯ್ತ ಮಾತ್ರ ನಾಲ್ಕೇ ಪಟ್ಟು. ಆದ್ದರಿಂದಲೇ ಇಲಿ, ಬೆಕ್ಕುಗಳು ಕಾಲು ಮಡಿಸಿ ನಿಂತರೆ ದೊಡ್ಡ ಪ್ರಾಣಿಗಳು ಕಾಲನ್ನು ನೆಟ್ಟಗಿಟ್ಟು ಸ್ನಾಯುಗಳ ಹೊರೆ ಇಳಿಸಿಕೊಳ್ಳುತ್ತವೆ. ಐಕಳದ ಕಂಬಳದಲ್ಲಿ 2020ರಲ್ಲಿ ಕೋಣಗಳ ಜೋಡಿಯೊಂದು 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ದಾಟಿತು, ಸೆಕೆಂಡಿಗೆ ಹತ್ತು ಮೀಟರ್ ಮೀರಿದ ವೇಗ. ಕೋಣ ನಮ್ಮ ಕಣ್ಣಿಗೆ ಭಾರಿ, ಆನೆಯ ಮುಂದೆ ಹಗುರ.

ಈ ವಿವರಣೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಟನ್‌ಗಟ್ಟಲೆ ತೂಗುವ ಘೇಂಡಾಮೃಗ ನಾಗಾಲೋಟದಲ್ಲೇ ಓಡುತ್ತದೆ. ನೀರಾನೆ ಬಿರುಸಾಗಿ ಓಡುವಾಗ ನಾಲ್ಕೂ ಪಾದ ನೆಲ ಬಿಡುವುದನ್ನು 2024ರಲ್ಲಿ ಹಚಿನ್‌ಸನ್‌ರೇ ವಿಡಿಯೊಗಳಿಂದ ತೋರಿಸಿದರು. ಹೆಜ್ಜೆಚಕ್ರದ ಸುಮಾರು ಶೇ 15ರಷ್ಟು ಹೊತ್ತು ಅದು ಗಾಳಿಯಲ್ಲೇ ಇತ್ತು. ಆ ಕಡೆ ಆನೆಮರಿ ಕೋಣಕ್ಕಿಂತ ಹಗುರ, ಅಮ್ಮನ ಸುತ್ತ ಎಷ್ಟು ಕುಣಿದಾಡಿದರೂ ನಾಗಾಲೋಟ ಹಿಡಿಯುವುದಿಲ್ಲ. ಮರಿಯೂ ಅದೇ ಎಡ ಹಿಂಗಾಲು, ಎಡ ಮುಂಗಾಲು. ಬರೀ ತೂಕವೇ ತಡೆಯಾಗಿದ್ದರೆ ಮರಿಗಾದರೂ ಆ ಸ್ವಾತಂತ್ರ್ಯ ಇರಬೇಕಿತ್ತು. ದೈತ್ಯ ದೇಹಕ್ಕೆಂದು ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಕಾಲಿನ ಕಟ್ಟು, ನಡೆಯ ಕ್ರಮ ಎರಡೂ ಹುಟ್ಟಿನಿಂದಲೇ ಬಂದಿವೆ ಎಂದು ತಿಳಿಯುವುದು ಹೆಚ್ಚು ಸರಿ.

ಕಂಬದಂಥ ಕಾಲು ಎಂದ ಮಾತ್ರಕ್ಕೆ ಅದು ಮಡಿಯದ ಕಾಲು ಎಂದಲ್ಲ. ಆನೆಗೆ ಮೊಣಕಾಲೇ ಇಲ್ಲ, ಅದು ಮರಕ್ಕೊರಗಿ ಮಲಗುತ್ತದೆ, ಮರ ಕಡಿದರೆ ಬಿದ್ದು ಸಿಕ್ಕಿಬೀಳುತ್ತದೆ ಎಂದು ಯುರೋಪಿನಲ್ಲಿ ಶತಮಾನಗಳ ಕಾಲ ನಂಬಿದ್ದರು. 1646ರಲ್ಲಿ ಥಾಮಸ್ ಬ್ರೌನ್ ಎಂಬ ವೈದ್ಯ ಜನರ ತಪ್ಪು ನಂಬಿಕೆಗಳನ್ನು ಖಂಡಿಸಿ ಪುಸ್ತಕ ಬರೆದಾಗ ಪ್ರಾಣಿಗಳ ಭಾಗವನ್ನು ಇದರಿಂದಲೇ ಶುರು ಮಾಡಬೇಕಾಯಿತು. ಆನೆ ಮಡಿಸಿದ ಕಾಲಿನ ಮೇಲೆ ಹೆಜ್ಜೆಯಿಟ್ಟು ಮಾವುತ ಬೆನ್ನೇರುವುದನ್ನು ಕಂಡ ನಮ್ಮವರಿಗೆ ಆ ಪುಸ್ತಕ ಬೇಕಿರಲಿಲ್ಲ. ಪಾದದ ಒಳಗಿನ ಕತೆ ಇನ್ನೂ ಸ್ವಾರಸ್ಯದ್ದು. ಹೊರಗೆ ಚಪ್ಪಟೆಯಾಗಿ ಕಂಡರೂ ಒಳಗೆ ಆನೆ ಬೆರಳ ತುದಿಯ ಮೇಲೆ ನಿಂತಿರುತ್ತದೆ. ಹಿಮ್ಮಡಿಯ ಕೆಳಗೆ ಕೊಬ್ಬಿನ ದಪ್ಪ ಮೆತ್ತೆ ಇದೆ. ಆ ಮೆತ್ತೆಯೊಳಗೆ ಆರನೇ ಬೆರಳಿನಂಥ ಒಂದು ಎಲುಬು ಆಸರೆಯಾಗಿದೆ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಬಳಿ 1706ರಲ್ಲಿ ಸತ್ತ ಆನೆಯೊಂದನ್ನು ಕೊಯ್ದು ನೋಡಿದ ಪ್ಯಾಟ್ರಿಕ್ ಬ್ಲೇರ್ ಇದನ್ನು ಗುರುತಿಸಿದ್ದ. ಅದರ ಕೆಲಸ ಭಾರ ಹೊರುವುದು ಎಂದು ಖಚಿತವಾದದ್ದು 2011ರಲ್ಲಿ. ಮೆತ್ತೆ ಭಾರಕ್ಕೆ ಹರಡಿ, ಎತ್ತಿದಾಗ ಮುದುಡುತ್ತದೆ. ರಾತ್ರಿ ತೋಟಕ್ಕೆ ಬಂದ ಹಿಂಡು ಬೈನೆ ಮರ ಮುರಿಯುವ ತನಕ ಮನೆಯವರಿಗೆ ಗೊತ್ತಾಗದಿರುವುದಕ್ಕೆ ಇದೂ ಒಂದು ಕಾರಣ.

ನೆಗೆಯಲು ಬಾರದಿರುವುದರ ಮೇಲೆ ನಮ್ಮ ಅರಣ್ಯದಂಚಿನ ಒಂದು ಇಡೀ ವ್ಯವಸ್ಥೆಯೇ ನಿಂತಿದೆ: ಆನೆ ಕಂದಕ. ದೊಡ್ಡ ಆನೆಯ ಹೆಜ್ಜೆ ಆರೂವರೆ ಅಡಿ ಇದ್ದರೂ ಏಳಡಿ ಅಗಲದ ಕಂದಕವನ್ನು ಅದು ದಾಟಲಾರದು ಎಂದು ಸ್ಯಾಂಡರ್ಸನ್ ಬರೆದಿದ್ದ. ಜಿಂಕೆಗೆ ಅದು ಲೆಕ್ಕಕ್ಕೇ ಇಲ್ಲದ ಅಗಲ. ಆದರೆ ಕಂದಕ ತಡೆಯುವುದು ಆನೆಯ ಕಾಲನ್ನು, ತಲೆಯನ್ನಲ್ಲ. ದಡದ ಮಣ್ಣನ್ನು ಕಾಲಿನಿಂದ ಕೆಡವಿ, ಗುಂಡಿ ತುಂಬಿಸಿಕೊಂಡು ಇಳಿದು ಹತ್ತುವುದನ್ನು ಅವು ಕಲಿತಿವೆ. ಮಲೆನಾಡಿನ ಮಳೆ ದಡ ಕುಸಿಸಿ ಅರ್ಧ ಕೆಲಸ ತಾನೇ ಮಾಡಿಕೊಡುತ್ತದೆ.

ಕೊನೆಗೆ ಓಡಿ ತಪ್ಪಿಸಿಕೊಳ್ಳುವ ವಿಷಯ. ಆರೋಗ್ಯವಂತ ಮನುಷ್ಯ ಸಮತಟ್ಟು ಬಯಲಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗ ಮುಟ್ಟಿದರೂ ಅದನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಲಾರ. ಉಳಿಸಿಕೊಂಡ ಎಂದೇ ಇಟ್ಟುಕೊಳ್ಳೋಣ. 24ರಲ್ಲಿ ಬರುವ ಆನೆಗೂ ಅವನಿಗೂ ನಡುವೆ 20 ಮೀಟರ್ ಅಂತರವಿದ್ದರೆ, ಅವನು 100 ಮೀಟರ್ ಓಡುವಷ್ಟರಲ್ಲಿ ಅದು ತೀರಿಹೋಗುತ್ತದೆ. ಥಾಯ್ಲೆಂಡಿನ ಅಳತೆ ಮಾವುತನ ಮಾತು ಕೇಳುವ ಸಾಕಾನೆಗಳದ್ದು ಬೇರೆ. ರೊಚ್ಚಿಗೆದ್ದ ಸಲಗಕ್ಕೆ 25 ಕಿಲೋಮೀಟರ್ ಮಿತಿ ಎಂದು ನಂಬಿ ಕೂರಬಾರದು. ಕಾಫಿ ಗಿಡ, ಮೆಣಸಿನ ಬಳ್ಳಿ, ಲಂಟಾನ ಇರುವಲ್ಲಿ ಬಯಲಿನ ಲೆಕ್ಕವೂ ನಡೆಯದು. ನೀವು ಬಳಸಿ ಹೋಗುವುದನ್ನೆಲ್ಲ ಅದು ತುಳಿದು ಬರುತ್ತದೆ.

ಇಳಿಜಾರಿನ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಸಮತಟ್ಟಿನಲ್ಲಿ ಓಡುವಾಗ ಹೆಚ್ಚಿನ ನಾಲ್ಕು ಕಾಲಿನ ಪ್ರಾಣಿಗಳ ಮುಂಗಾಲು ಮುಖ್ಯವಾಗಿ ತಡೆಯುತ್ತದೆ, ಹಿಂಗಾಲು ನೂಕುತ್ತದೆ. ಆನೆಯ ನಾಲ್ಕು ಕಾಲುಗಳೂ ಎರಡೂ ಕೆಲಸ ಹಂಚಿಕೊಳ್ಳುತ್ತವೆ ಎಂದು 2010ರ ಇನ್ನೊಂದು ಅಧ್ಯಯನ ತೋರಿಸಿತು. ಇಳಿಜಾರಿನಲ್ಲಿ ಹೊರೆ ಮುಂಗಾಲಿನತ್ತ ವಾಲುತ್ತದೆ, ಆನೆ ವೇಗ ತಗ್ಗಿಸಿ ಪಾದ ಆರಿಸಿ ಇಡುತ್ತದೆ. ತೀರ ಕಡಿದಾದ ಕಡೆ ಹಿಂಗಾಲು ಮಡಿಸಿ ಜಾರಿಯೂ ಇಳಿಯುತ್ತದೆ. ಬರಲಾರದು ಎನ್ನುವಂತಿಲ್ಲ, ಪಶ್ಚಿಮಘಟ್ಟದ ಆನೆಗಳು ದಿನವೂ ಹತ್ತಿ ಇಳಿಯುವುದು ಇಂಥ ಜಾಗದಲ್ಲೇ. ಮಳೆಗಾಲದ ಜಾರುವ ನೆಲದಲ್ಲಿ ಎರಡು ಕಾಲಿನ ನೀವು ಬೀಳುವ ಸಾಧ್ಯತೆ ನಾಲ್ಕು ಕಾಲಿನ ಅದಕ್ಕಿಂತ ಹೆಚ್ಚು. ಹಿಂಡು ಯಾವ ತೋಟದಲ್ಲಿದೆ ಎಂಬ ಅರಣ್ಯ ಇಲಾಖೆಯವರ ಸಂದೇಶವನ್ನು ಬೆಳಗ್ಗೆ ಮನೆಯಲ್ಲೇ ನೋಡಿಕೊಂಡು, ಆ ದಿಕ್ಕಿನ ಕೆಲಸವನ್ನು ಮರುದಿನಕ್ಕೆ ಹಾಕುವುದು ಇಳಿಜಾರು ಹುಡುಕುವುದಕ್ಕಿಂತ ಲೇಸು.